ಬ್ಯಾಂಕಿನಲ್ಲಿ ಕೊಂಡರೂ ಅದು ಎಫ್‌ಡಿ ಅಲ್ಲ

ಪ್ರಶ್ನೆ: ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಉಂಟು. ವಯಸ್ಸು 44. ಗಂಡ ಕುವೈತಿನಲ್ಲಿದ್ದಾರೆ. ಇನ್ನು ಮೂರು ವರ್ಷದಲ್ಲಿ ಅಲ್ಲಿಯದನ್ನು ಮುಗಿಸಿ ಊರಿಗೆ ಬರುತ್ತಾರೆ. ಮಗ ಫಸ್ಟ್ ಪಿಯುಸಿ, ಮುಂದೆ ಇಂಜಿನಿಯರಿಂಗ್ ಮಾಡುವ ಆಸೆ. ನನ್ನ ಹೆಸರಿನಲ್ಲಿ 12 ಲಕ್ಷ ಎಫ್‌ಡಿ ಇದೆ, ಮುಂದಿನ ತಿಂಗಳು ಅವಧಿ ಮುಗಿಯುತ್ತದೆ. ರಿನೀವಲ್ ಮಾಡಲು ಹೋದಾಗ ಬ್ಯಾಂಕಿನವರೊಬ್ಬರು, "10 ಲಕ್ಷ ಸ್ಮಾಲ್ ಕ್ಯಾಪ್ ಮ್ಯೂಚುವಲ್ ಫಂಡಿಗೆ ಹಾಕಿ ಮೇಡಂ, ಐದು ವರ್ಷದ ರಿಟರ್ನ್ ನೋಡಿ" ಎಂದು ಫಾರಂ ಕೊಟ್ಟರು. ಒಟ್ಟಿಗೆ ಹಾಕಲು ಹೆದರಿಕೆಯಾದರೆ ಎಸ್‌ಐಪಿ ಮಾಡಿ, ಅಂದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ, ಅದರಲ್ಲಿ ರಿಸ್ಕೇ ಇಲ್ಲ ಎಂದರು. ನನ್ನ ಭಾವ ಮಾತ್ರ ಇದು ಶುದ್ಧ ಜುಗಾರಿ, ಸೊಸೈಟಿಯಲ್ಲಿ ಇಡು, ಬಡ್ಡಿ ಜಾಸ್ತಿ ಕೊಡುತ್ತಾರೆ ಎನ್ನುತ್ತಾರೆ. ಫಂಡಿನಲ್ಲಿ ಪೂರ್ತಿ ಹಣ ಹೋಗುವುದುಂಟಾ? ಬ್ಯಾಂಕಿನವರೇ ಕೊಡುವುದಾದರೆ ಬ್ಯಾಂಕಿನಷ್ಟೇ ಸೇಫ್ ಅಲ್ವಾ?

ಉತ್ತರ: ಸಹಿ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮಂಗಳೂರಿನ ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಸಹಿ ಹಾಕಿ ಒಂದೆರಡು ವರ್ಷ ಕಳೆದ ಮೇಲೆ, ಸ್ಟೇಟ್‌ಮೆಂಟಿನಲ್ಲಿ ಕೆಂಪು ಅಕ್ಷರ ಕಂಡ ಮೇಲೆ ಬರುತ್ತಾರೆ.

ಮೊದಲು ನೇರ ಉತ್ತರ. ಆ 10 ಲಕ್ಷವನ್ನು ಸ್ಮಾಲ್ ಕ್ಯಾಪ್ ಫಂಡಿಗೆ, ಅಂದರೆ ಸಣ್ಣ ಕಂಪನಿಗಳ ಷೇರು ಕೊಳ್ಳುವ ಫಂಡಿಗೆ, ಹಾಕಬೇಡಿ. ಫಂಡ್ ಮೋಸದ್ದು ಎಂದು ಹೀಗೆ ಹೇಳುತ್ತಿಲ್ಲ. ನೀವು ಪತ್ರದಲ್ಲಿ ಎರಡು ತಾರೀಕು ಬರೆದಿದ್ದೀರಿ. ಮಗನ ಕಾಲೇಜಿಗೆ ಎರಡು ವರ್ಷ, ಗಂಡ ಊರಿಗೆ ಬರಲು ಮೂರು ವರ್ಷ. ಆ ಎರಡು ತಾರೀಕು ಫಂಡಿಗೆ ಗೊತ್ತಿಲ್ಲ, ಮಾರ್ಕೆಟಿಗೂ ಗೊತ್ತಿಲ್ಲ. ನಿಮ್ಮ ವಿಷಯದಲ್ಲಿ ದೊಡ್ಡ ರಿಸ್ಕ್ ಇರುವುದು ಅಲ್ಲೇ.

ಈಗ ಪೂರ್ತಿ ಹಣ ಹೋಗುತ್ತದಾ ಎಂಬ ಪ್ರಶ್ನೆ. ನಿಮ್ಮ ಊರಿನಿಂದ ಕಡಲು ದೂರವಿಲ್ಲ. ಕೈರಂಪಣಿ ಎಳೆಯುವುದನ್ನು ನೋಡಿರುತ್ತೀರಿ. ಹತ್ತಾರು ಜನ ಸೇರಿ ಒಂದು ಬಲೆ ಬಿಡುತ್ತಾರೆ, ಸೇರಿ ದಡಕ್ಕೆ ಎಳೆಯುತ್ತಾರೆ, ಬಿದ್ದದ್ದನ್ನು ಪಾಲು ಹಾಕಿಕೊಳ್ಳುತ್ತಾರೆ. ಈ ಬಂಗುಡೆ ನನ್ನದು, ಆ ಬೂತಾಯಿ ನಿನ್ನದು ಎಂದು ಯಾರೂ ಹೇಳುವುದಿಲ್ಲ. ಇರುವುದು ಪಾಲು ಮಾತ್ರ. ಮ್ಯೂಚುವಲ್ ಫಂಡ್ ಕೂಡ ಹೆಚ್ಚುಕಡಿಮೆ ಹೀಗೆಯೇ. ಸಾವಿರಾರು ಜನರ ಹಣ ಒಟ್ಟು ಮಾಡಿ ಹತ್ತಾರು ಕಂಪನಿಗಳ ಷೇರು ಕೊಳ್ಳುತ್ತಾರೆ. ನಿಮಗೆ ಸಿಗುವ ಪಾಲಿಗೆ ಯೂನಿಟ್ ಎಂದು ಹೆಸರು. ಒಂದು ಯೂನಿಟಿನ ಆ ದಿನದ ಬೆಲೆಗೆ ಎನ್‌ಎವಿ ಎನ್ನುತ್ತಾರೆ.

ಬಲೆಯಲ್ಲಿ ನಾಲ್ಕು ಮೀನು ಕೊಳೆತರೆ ಇಡೀ ಪಾಲು ಹಾಳಾಗುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಲೆಕ್ಕದ ಮೋಸ ಹೊರಗೆ ಬಿತ್ತು. ಅದೊಂದೇ ದಿನ ಅದರ ಷೇರಿನ ಬೆಲೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತು. ಆ ಷೇರು ಒಂದನ್ನೇ ನಂಬಿದವರು ಮುಳುಗಿದರು. ಅದನ್ನು ಇಟ್ಟುಕೊಂಡಿದ್ದ ಫಂಡುಗಳಿಗೂ ಪೆಟ್ಟು ಬಿತ್ತು, ಆದರೆ ಅವು ಮುಳುಗಲಿಲ್ಲ. ಷೇರುಪೇಟೆಯ ಮೇಲ್ವಿಚಾರಕ ಸಂಸ್ಥೆ ಸೆಬಿಯ ನಿಯಮ ಪ್ರಕಾರ ಮಾಮೂಲಿ ಷೇರು ಫಂಡ್ ಒಂದೇ ಕಂಪನಿಯ ಷೇರಿಗೆ ತನ್ನ ಹಣದ 10 ಪರ್ಸೆಂಟಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಇನ್ನೊಂದು ವಿಷಯ: ಫಂಡ್ ನಡೆಸುವ ಕಂಪನಿ ಬಾಗಿಲು ಹಾಕಿದರೂ ನಿಮ್ಮ ಷೇರುಗಳು ಅದರ ಆಸ್ತಿಯಲ್ಲಿ ಸೇರಿಹೋಗುವುದಿಲ್ಲ. ಅವು ಟ್ರಸ್ಟಿನ ಹೆಸರಿನಲ್ಲಿ, ಕಸ್ಟೋಡಿಯನ್ ಎಂಬ ಬೇರೆ ಸಂಸ್ಥೆಯ ಕೈಯಲ್ಲಿ ಇರುತ್ತವೆ. ಹಾಗಾಗಿ ಹತ್ತಾರು ಕಂಪನಿಗಳಿರುವ ಫಂಡಿನಲ್ಲಿ ಹಣ ಪೂರ್ತಿ ಸೊನ್ನೆಯಾಗಬೇಕಾದರೆ ಅಷ್ಟೂ ಕಂಪನಿಗಳು ಒಟ್ಟಿಗೆ ಸಾಯಬೇಕು. ಆ ಹೆದರಿಕೆ ಬಿಟ್ಟುಬಿಡಿ.

ಆದರೆ ಅರ್ಧ ಹೋಗುವುದು? ಅದು ಉಂಟು. ಆಗಿದೆ, ಇನ್ನೂ ಆಗುತ್ತದೆ. ಬಲೆ ಎಷ್ಟೇ ದೊಡ್ಡದಿದ್ದರೂ ಕಡಲಿನಲ್ಲೇ ಮೀನಿಲ್ಲದ ದಿನ ಎಲ್ಲರ ಪಾಲೂ ಒಟ್ಟಿಗೆ ಕಡಿಮೆಯಾಗುತ್ತದಲ್ಲ, ಹಾಗೆ.

2008ರ ಜನವರಿಯಲ್ಲಿ ಸೆನ್ಸೆಕ್ಸ್, ಅಂದರೆ ಮುಂಬೈ ಷೇರುಪೇಟೆಯ ದೊಡ್ಡ ಕಂಪನಿಗಳ ಸೂಚ್ಯಂಕ, 21 ಸಾವಿರ ಮುಟ್ಟಿತ್ತು. 2009ರ ಮಾರ್ಚ್ ಹೊತ್ತಿಗೆ 8 ಸಾವಿರ ಚಿಲ್ಲರೆಗೆ ಬಂತು. 5 ಲಕ್ಷ ಇಟ್ಟವರ ಕೈಯಲ್ಲಿ 2 ಲಕ್ಷಕ್ಕಿಂತ ಕಡಿಮೆ. 2010ರ ದೀಪಾವಳಿ ಹೊತ್ತಿಗೆ ಮತ್ತೆ 21 ಸಾವಿರದ ಹತ್ತಿರ ಬಂದು ಆಸೆ ತೋರಿಸಿತು, ಮತ್ತೆ ಬಿತ್ತು. ಹಳೆಯ ಮಟ್ಟ ದಾಟಲು 2013ರ ಕೊನೆಯಾಯಿತು. ಅಂದರೆ ಹತ್ತಿರ ಹತ್ತಿರ ಆರು ವರ್ಷ, ಸಿಕ್ಕಿದ ಸ್ವಲ್ಪ ಡಿವಿಡೆಂಡ್ ಬಿಟ್ಟರೆ, ಹೊರಟಲ್ಲಿಗೇ ವಾಪಸ್.

2020ರದ್ದು ಬೇರೆ ಕಥೆ. ಜನವರಿಯಲ್ಲಿ 42 ಸಾವಿರ ಇದ್ದದ್ದು ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಮುಗಿಯಿತು. ಆ ಒಂದೇ ದಿನ 3,900 ಪಾಯಿಂಟಿಗೂ ಜಾಸ್ತಿ ಹೋಯಿತು. ಆದರೆ ನವೆಂಬರಿನಲ್ಲಿ ಮತ್ತೆ 42 ಸಾವಿರ ದಾಟಿತು. ನನ್ನನ್ನು ಕೇಳಿದರೆ ಈ ಬೇಗ ಏಳುವಿಕೆಯೇ ನಮ್ಮ ಜನರಿಗೆ ತಪ್ಪು ಪಾಠ ಕಲಿಸಿತು. "ಬಿದ್ದರೆ ಏನಂತೆ, ಎಂಟು ತಿಂಗಳಲ್ಲಿ ಬರುತ್ತದೆ" ಎಂದು ಧೈರ್ಯ ಹೇಳುವವರು ಈಗ ಮದುವೆ ಮನೆಯಲ್ಲೂ ಸಿಗುತ್ತಾರೆ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ, ಮಾರಾಯ್ರೇ! ನಮ್ಮಲ್ಲಿ ಹಾಗೇ ಆಗುತ್ತದೆ ಎಂದು ಹೆದರಿಸುತ್ತಿಲ್ಲ. ಕಾದವರಿಗೆಲ್ಲ ಖಂಡಿತ ಸಿಗುತ್ತದೆ ಎಂದು ಬರೆದುಕೊಡುವವರು ಯಾರೂ ಇಲ್ಲ, ಅಷ್ಟೇ.

ಇನ್ನೊಂದು ಲೆಕ್ಕ ಉಂಟು, ಸುಲಭದ್ದು, ಆದರೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. 100 ರೂಪಾಯಿ 40 ಪರ್ಸೆಂಟ್ ಬಿದ್ದು 60 ಆಯಿತು ಎನ್ನಿ. ಮತ್ತೆ 100 ಆಗಲು 40 ಪರ್ಸೆಂಟ್ ಏರಿದರೆ ಸಾಲದು, ಸುಮಾರು 67 ಪರ್ಸೆಂಟ್ ಏರಬೇಕು. ಅರ್ಧಕ್ಕೆ ಬಿದ್ದರೆ ದುಪ್ಪಟ್ಟಾಗಬೇಕು. ಬೀಳುವ ದಾರಿಗಿಂತ ಹತ್ತುವ ದಾರಿ ಯಾವಾಗಲೂ ಉದ್ದ.

ಸ್ಮಾಲ್ ಕ್ಯಾಪ್ ವಿಷಯಕ್ಕೆ ಬರೋಣ. ನಿಮಗೆ ತೋರಿಸಿದ್ದು ಅದನ್ನೇ ತಾನೇ. ಷೇರುಪೇಟೆಯಲ್ಲಿರುವ ಕಂಪನಿಗಳನ್ನು ಒಟ್ಟು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿ. ಮೊದಲ 100 ಲಾರ್ಜ್ ಕ್ಯಾಪ್, 101ರಿಂದ 250ರ ತನಕ ಮಿಡ್ ಕ್ಯಾಪ್, 251ರಿಂದ ಆಚೆಗೆ ಎಲ್ಲವೂ ಸ್ಮಾಲ್ ಕ್ಯಾಪ್. ಸ್ಮಾಲ್ ಕ್ಯಾಪ್ ಫಂಡ್ ಎಂದು ಹೆಸರಿಟ್ಟುಕೊಂಡ ಮೇಲೆ ಕಡಿಮೆಯೆಂದರೂ 65 ಪರ್ಸೆಂಟ್ ಹಣವನ್ನು ಈ ಕೊನೆಯ ಗುಂಪಿನಲ್ಲೇ ಇಡಬೇಕು. ಮ್ಯಾನೇಜರಿಗೆ ಹೆದರಿಕೆಯಾದರೂ ಅಲ್ಲಿಂದ ಪೂರ್ತಿ ಓಡಿಹೋಗಲು ಸಾಧ್ಯವಿಲ್ಲ.

ಈ ಗುಂಪಿನ ಗುಣ ನೋಡಿ. 2018ರ ಜನವರಿಯಲ್ಲಿ ಮುಂಬೈ ಷೇರುಪೇಟೆಯ ಸ್ಮಾಲ್ ಕ್ಯಾಪ್ ಸೂಚ್ಯಂಕ 20 ಸಾವಿರದ ಆಸುಪಾಸಿನಲ್ಲಿತ್ತು. ಅಲ್ಲಿಂದ ಜಾರಲು ಶುರುವಾದದ್ದು 2020ರ ಮಾರ್ಚಿನಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಹಳೆಯ ಜಾಗಕ್ಕೆ ಬಂದದ್ದು 2021ರಲ್ಲಿ. ತಮಾಷೆಯೆಂದರೆ ಇದೇ ಹೊತ್ತಿನಲ್ಲಿ, 2018 ಮತ್ತು 2019ರಲ್ಲಿ, ಸೆನ್ಸೆಕ್ಸ್ ಹೊಸ ಹೊಸ ದಾಖಲೆ ಮಾಡುತ್ತಿತ್ತು. ಟಿವಿಯಲ್ಲಿ "ಮಾರ್ಕೆಟ್ ಜಿಗಿತ" ಎಂದು ಬರುತ್ತಿದೆ, ನಿಮ್ಮ ಸ್ಟೇಟ್‌ಮೆಂಟ್ ಮಾತ್ರ ಇಳಿಯುತ್ತಲೇ ಇದೆ. ಇದನ್ನು ಎರಡು ವರ್ಷ ಸುಮ್ನೆ ನೋಡಿಕೊಂಡು ಕೂರಲು ಎಷ್ಟು ಜನರಿಗೆ ಆಗುತ್ತದೆ?

ಸಣ್ಣ ಕಂಪನಿಗಳ ಇನ್ನೊಂದು ತೊಂದರೆ ಮಾರುವುದರಲ್ಲಿದೆ. ದೊಡ್ಡ ಕಂಪನಿಯ ಷೇರಿಗೆ ಕೆಟ್ಟ ದಿನವೂ ಗಿರಾಕಿ ಇರುತ್ತಾರೆ. ಸಣ್ಣದಕ್ಕೆ ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಕೊಳ್ಳುವವರೇ ಕಾಣುವುದಿಲ್ಲ, ಬೆಲೆ ಕಲ್ಲಿನ ಹಾಗೆ ಬೀಳುತ್ತದೆ. ಇದಕ್ಕೇ 2024ರ ಮಾರ್ಚಿನಿಂದ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡುಗಳು ತಮ್ಮಲ್ಲಿರುವ ಷೇರುಗಳಲ್ಲಿ ಕಾಲು ಭಾಗ ಮತ್ತು ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಎಂದು ಪ್ರಕಟಿಸಬೇಕಾಗಿದೆ. ಸ್ಟ್ರೆಸ್ ಟೆಸ್ಟ್ ಎನ್ನುತ್ತಾರೆ. ನಿಮಗೆ ಫಾರಂ ಕೊಟ್ಟವರು ಆ ಕಾಗದವನ್ನೂ ತೋರಿಸಿದ್ದರೆ ನನಗೆ ಅವರ ಮೇಲೆ ಗೌರವ ಬರುತ್ತಿತ್ತು.

ಅವರು ತೋರಿಸಿದ ಐದು ವರ್ಷದ ರಿಟರ್ನಿನ ಲೆಕ್ಕ ಯಾವ ದಿನದಿಂದ ಶುರುವಾಗುತ್ತದೆ ಎಂದು ನೋಡಿ. 2020ರ ಮಾರ್ಚಿನ ತಳದಿಂದ ಅಳೆದರೆ ಯಾವ ಫಂಡೂ ಚಂದವೇ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ನಿಂತು ಮರಳು ಅಳೆದು, ಕಡಲ ತೀರ ಇಷ್ಟು ಅಗಲ ಎಂದ ಹಾಗೆ.

ಎರಡನೆಯ ಪ್ರಶ್ನೆ. ಬ್ಯಾಂಕಿನವರೇ ಕೊಡುವುದಲ್ವಾ, ಸೇಫ್ ಅಲ್ವಾ?

ಈ ಪ್ರಶ್ನೆ ನಮ್ಮ ಜಿಲ್ಲೆಗಳಲ್ಲಿ ಯಾಕೆ ಇಷ್ಟು ಬರುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್. ಕರ್ಣಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಹುಟ್ಟಿದ್ದೂ ಮಂಗಳೂರಿನಲ್ಲೇ, ಸಿಂಡಿಕೇಟ್ ಉಡುಪಿಯಲ್ಲಿ. ಬ್ಯಾಂಕ್ ಎಂದರೆ ನಮಗೆ ಮನೆಯ ಹಿರಿಯರ ಹಾಗೆ. ಅವರು ಕೊಟ್ಟ ಕಾಗದವನ್ನು ನಾವು ಓದುವುದಿಲ್ಲ, ಸಹಿ ಎಲ್ಲಿ ಎಂದು ಕೇಳುತ್ತೇವೆ.

ಆದರೆ ಈ ವ್ಯವಹಾರದಲ್ಲಿ ಬ್ಯಾಂಕು ಬರೀ ಡಿಸ್ಟ್ರಿಬ್ಯೂಟರ್. ಬೇರೆ ಕಂಪನಿಯ ಸಾಮಾನನ್ನು ತನ್ನ ಕೌಂಟರಿನಲ್ಲಿ ಇಟ್ಟು ಮಾರುತ್ತದೆ, ಕಮಿಷನ್ ತೆಗೆದುಕೊಳ್ಳುತ್ತದೆ. ನಿಮ್ಮ ಎಫ್‌ಡಿಗೆ ಬ್ಯಾಂಕ್ ಹೊಣೆ. ಅದಕ್ಕೆ ಠೇವಣಿ ವಿಮೆ ಕೂಡ ಇದೆ, 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ. ಫಂಡಿಗೆ ಬ್ಯಾಂಕೂ ಹೊಣೆಯಲ್ಲ, ವಿಮೆಯೂ ಇಲ್ಲ. ಮಾತಿಗೆ ಹೇಳಿದೆ, ನಿಮ್ಮ 12 ಲಕ್ಷ ಒಂದೇ ಬ್ಯಾಂಕಿನಲ್ಲಿದ್ದರೆ ಅದರಲ್ಲೂ 5 ಲಕ್ಷಕ್ಕೆ ಮಾತ್ರ ವಿಮೆ. ಎರಡು ಮೂರು ಬ್ಯಾಂಕಿಗೆ ಹಂಚಿದರೆ ಒಳ್ಳೆಯದು.

ಹೆಸರು ನಂಬಿ ಇಟ್ಟು ಕಷ್ಟ ಪಟ್ಟವರು ಹಿಂದೆಯೂ ಇದ್ದರು. ಯುಟಿಐ ಎಂಬ ಫಂಡ್ ಸಂಸ್ಥೆಯ ಯುಎಸ್-64 ನಿಮ್ಮ ತಂದೆಯ ಕಾಲದವರಿಗೆ ನೆನಪಿರಬಹುದು. 1964ರಿಂದ ಇದ್ದ ಯೋಜನೆ. ಸರಕಾರದ್ದೇ ಎಂಬ ಭರವಸೆಯಲ್ಲಿ ರಿಟೈರ್ಮೆಂಟ್ ಹಣವನ್ನೆಲ್ಲ ಅದರಲ್ಲಿ ಇಟ್ಟವರಿದ್ದರು. ಒಳಗಿರುವ ಆಸ್ತಿಯ ನಿಜವಾದ ಬೆಲೆಗೂ ಯುಟಿಐ ಹೇಳುತ್ತಿದ್ದ ಬೆಲೆಗೂ ಸಂಬಂಧ ತಪ್ಪಿಹೋಗಿತ್ತು. 2001ರ ಜುಲೈಯಲ್ಲಿ ಯೂನಿಟ್ ವಾಪಸ್ ಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಈಗಿನ ಫಂಡುಗಳು ಆ ಥರ ಬೆಲೆ ಮುಚ್ಚಿಡುವ ಹಾಗಿಲ್ಲ. ಪ್ರತಿ ಕೆಲಸದ ದಿನ ಎನ್‌ಎವಿ ಹೇಳಲೇಬೇಕು. ಷೇರು ಫಂಡಿನಲ್ಲಿ ಮಾರಿದರೆ ಎರಡು ಮೂರು ಕೆಲಸದ ದಿನದಲ್ಲಿ ಹಣ ಖಾತೆಗೆ ಬರುತ್ತದೆ. ಎಷ್ಟು ಬರುತ್ತದೆ ಎಂಬುದಕ್ಕೆ ಮಾತ್ರ ಯಾರೂ ಜವಾಬ್ದಾರರಲ್ಲ.

ಕಮಿಷನ್ ವಿಷಯ ಹೇಳಿದೆನಲ್ಲ, ಅದನ್ನು ಪೂರ್ತಿ ಮಾಡುತ್ತೇನೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ಎರಡು ಬಾಗಿಲು. ರೆಗ್ಯುಲರ್ ಪ್ಲಾನ್, ಡೈರೆಕ್ಟ್ ಪ್ಲಾನ್. ಒಳಗೆ ಇರುವುದು ಅದೇ ಷೇರುಗಳು. ರೆಗ್ಯುಲರಿನಲ್ಲಿ ಪ್ರತಿ ವರ್ಷ ಮಾರಿದವರ ಕಮಿಷನ್ ನಿಮ್ಮ ಹಣದಿಂದಲೇ ಸ್ವಲ್ಪ ಸ್ವಲ್ಪ ಹೋಗುತ್ತದೆ. ನಷ್ಟವಾದ ವರ್ಷವೂ ಹೋಗುತ್ತದೆ. ಈ ವ್ಯತ್ಯಾಸ ವರ್ಷಕ್ಕೆ 1 ಪರ್ಸೆಂಟ್ ಎಂದು ಅಂದಾಜು ಮಾಡಿ. 3 ಲಕ್ಷ ಹಣ 15 ವರ್ಷ 11 ಪರ್ಸೆಂಟಿನಲ್ಲಿ ಬೆಳೆದರೆ ಸುಮಾರು 14 ಲಕ್ಷ 35 ಸಾವಿರ. 10 ಪರ್ಸೆಂಟಿನಲ್ಲಿ ಬೆಳೆದರೆ 12 ಲಕ್ಷ 53 ಸಾವಿರ. ಬರೀ ಲೆಕ್ಕಕ್ಕೆ ಹಿಡಿದ ಅಂಕಿ ಇದು, ಇಷ್ಟೇ ಬರುತ್ತದೆ ಎಂದು ಹೇಳಿದ್ದಲ್ಲ. ಒಳ್ಳೆಯ ಸಲಹೆ ಕೊಟ್ಟು, ಮಾರ್ಕೆಟ್ ಬಿದ್ದಾಗ ಕೈ ಹಿಡಿದು ಕೂರಿಸುವ ಡಿಸ್ಟ್ರಿಬ್ಯೂಟರ್ ಇದ್ದರೆ ಆ ಕಮಿಷನ್ ಕೊಡುವುದರಲ್ಲಿ ತಪ್ಪಿಲ್ಲ. ಎರಡು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆಗುವ ಕೌಂಟರಿನವರಿಂದ ಅದನ್ನು ನಿರೀಕ್ಷಿಸುವುದು ಕಷ್ಟ.

ಈಗ ಎಸ್‌ಐಪಿ. "ಅದರಲ್ಲಿ ರಿಸ್ಕೇ ಇಲ್ಲ" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಅಂಗಡಿಗೆ ಪಿಗ್ಮಿಯವರು ಬರುತ್ತಿರಬಹುದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಇದೇ ಉಡುಪಿಯಲ್ಲಿ ಶುರು ಮಾಡಿದ್ದು. ದಿನಕ್ಕೆ ಎರಡಾಣೆ, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎಸ್‌ಐಪಿ ಕೂಡ ಅದೇ ಅಭ್ಯಾಸ, ದಿನದ ಬದಲು ತಿಂಗಳು. ಉಳಿತಾಯದ ಶಿಸ್ತಿಗೆ ಎರಡೂ ಒಳ್ಳೆಯವು. ಆದರೆ ಪಿಗ್ಮಿಯಲ್ಲಿ ಹಾಕಿದ ಹಣ ಅಲ್ಲೇ ಇರುತ್ತದೆ. ಎಸ್‌ಐಪಿಯಲ್ಲಿ ಹಾಕಿದ ಹಣ ಷೇರಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 3,000 ಹಾಕುತ್ತೀರಿ. ಮೊದಲ ತಿಂಗಳು ಎನ್‌ಎವಿ 50, ನಿಮಗೆ 60 ಯೂನಿಟ್. ಎರಡನೇ ತಿಂಗಳು 40, 75 ಯೂನಿಟ್. ಮೂರನೇ ತಿಂಗಳು 25ಕ್ಕೆ ಬಿತ್ತು, 120 ಯೂನಿಟ್. ಒಟ್ಟು 9,000ಕ್ಕೆ 255 ಯೂನಿಟ್, ಸರಾಸರಿ ಬೆಲೆ 35 ಚಿಲ್ಲರೆ. 50ಕ್ಕೇ ಪೂರ್ತಿ ಕೊಂಡವರಿಗಿಂತ ನೀವು ಎಷ್ಟೋ ವಾಸಿ. ಬೆಲೆ 40ಕ್ಕೆ ಏರಿದರೂ ನಿಮಗೆ 1,200 ಲಾಭ. ಆದರೆ ಆ ಮೂರನೇ ತಿಂಗಳಲ್ಲೇ ಮಾರಬೇಕಾಗಿ ಬಂದರೆ? 9,000 ಹೋಗಿ 6,375. ಎಸ್‌ಐಪಿ ಕೊಳ್ಳುವ ಬೆಲೆಯನ್ನು ಸರಾಸರಿ ಮಾಡುತ್ತದೆ. ಮಾರುವ ದಿನದ ಬೆಲೆಗೆ ಅದು ಏನೂ ಮಾಡಲಾರದು.

ಇನ್ನೊಂದು, ಎಸ್‌ಐಪಿ ಹಳತಾದಷ್ಟೂ ಈ ಸರಾಸರಿಯ ಬಲ ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತು ವರ್ಷ ಹಾಕಿ 20 ಲಕ್ಷ ಸೇರಿತು ಎನ್ನಿ. ಮಾರ್ಕೆಟ್ 40 ಪರ್ಸೆಂಟ್ ಬಿದ್ದರೆ 8 ಲಕ್ಷ ಮಾಯ. ಆ ತಿಂಗಳು ನೀವು ಹಾಕುವ 10 ಸಾವಿರ ಎಲ್ಲಿಗೆ ಸಾಕು? ಹಾಗಾಗಿ ಹಣ ಬೇಕಾಗುವ ದಿನಕ್ಕೆ ಮೂರು ನಾಲ್ಕು ವರ್ಷ ಇರುವಾಗಲೇ ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೆ ಹಾಕುತ್ತಾ ಬರಬೇಕು. ಇದನ್ನು ಮಾರುವವರು ಹೇಳುವುದಿಲ್ಲ. ಹಣ ಹೊರಗೆ ಹೋದರೆ ಕಮಿಷನೂ ಹೋಗುತ್ತದಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. 2007ರ ಕೊನೆಯಲ್ಲಿ ನಾನು ಒಂದು ಆಡಿಟರ್ ಆಫೀಸಿನಲ್ಲಿ ಹೊಸತಾಗಿ ಕೆಲಸಕ್ಕೆ ಸೇರಿದ್ದೆ. ಎಲ್ಲಾ ಗೊತ್ತು ಎಂಬ ಹುಂಬತನ. ಆಗ ಇನ್‌ಫ್ರಾಸ್ಟ್ರಕ್ಚರ್ ಎಂದರೆ ಸಾಕು, ಜನ ಫಾರಂ ತುಂಬುತ್ತಿದ್ದರು. ಒಂದು ಹೊಸ ಫಂಡ್ ಬಂತು. ಯೂನಿಟಿಗೆ 10 ರೂಪಾಯಿ. ಹಳೆಯ ಫಂಡಿನ ಯೂನಿಟಿಗೆ 80, ಇದು 10, ಅಗ್ಗ ಎಂದುಕೊಂಡೆ. ಲೆಕ್ಕ ಓದಿದವನೇ ಹೀಗೆ ಯೋಚಿಸಿದರೆ ಉಳಿದವರ ಪಾಡೇನು! ಒಂದು ಕೇಕನ್ನು 8 ತುಂಡು ಮಾಡಿದರೂ 80 ತುಂಡು ಮಾಡಿದರೂ ಕೇಕು ಅಷ್ಟೇ ತಾನೇ. ತಂಗಿಯ ಮದುವೆಗೆಂದು ಇಟ್ಟಿದ್ದ 2 ಲಕ್ಷ ಹಾಕಿದೆ. ಮದುವೆಗೆ ಇನ್ನೂ ಒಂದೂವರೆ ವರ್ಷ ಇತ್ತು, ಅಷ್ಟರಲ್ಲಿ 3 ಲಕ್ಷ ಮಾಡಿ ಅಪ್ಪನಿಗೆ ತೋರಿಸುವ ಆಸೆ.

2009ರ ಫೆಬ್ರವರಿಯಲ್ಲಿ ಮದುವೆ ಮಂಟಪಕ್ಕೆ, ಅಡುಗೆಯವರಿಗೆ ಅಡ್ವಾನ್ಸ್ ಕೊಡಬೇಕಾಯಿತು. ಆಗ ಎನ್‌ಎವಿ 4 ರೂಪಾಯಿ ಚಿಲ್ಲರೆ. ಮಾರಿದೆ, ಉಳಿದದ್ದಕ್ಕೆ ಸಾಲ ಮಾಡಿದೆ. ಮದುವೆ ಮೇ ತಿಂಗಳಲ್ಲಿ. ಅದೇ ಮೇ 18ರಂದು, ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ನಂತರದ ಸೋಮವಾರ, ಸೆನ್ಸೆಕ್ಸ್ ಒಂದೇ ದಿನ 2,000 ಪಾಯಿಂಟಿಗೂ ಜಾಸ್ತಿ ಏರಿ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ನಾನು ಆ ಹೊತ್ತಿಗೆ ಮದುವೆ ಮಂಟಪದ ಪಾತ್ರೆ ಬಾಡಿಗೆಯ ಲೆಕ್ಕ ಮುಗಿಸುತ್ತಿದ್ದೆ. ಫಂಡ್ ಏನೂ ತಪ್ಪು ಮಾಡಿರಲಿಲ್ಲ. ಒಂದೇ ಒಂದು ವಲಯಕ್ಕೆ ಹಣ ಹಾಕುವ ಫಂಡು ಎಂದು ಕಾಗದದಲ್ಲೇ ಬರೆದಿತ್ತು. ತಾರೀಕು ಇದ್ದ ಹಣವನ್ನು ತಾರೀಕು ಇಲ್ಲದ ಜಾಗದಲ್ಲಿ ಇಟ್ಟವನು ನಾನು.

ಮಲ್ಪೆಯ ಬೋಟಿನವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನಕ್ಕೆ ಬೇಕಾದ ದುಡ್ಡನ್ನು ಅವರು ಮೊದಲೇ ಬೇರೆ ಇಟ್ಟಿರುತ್ತಾರೆ. ಮಳೆಗಾಲ ಬಂತೆಂದು ಯಾರೂ ಬೋಟು ಮಾರುವುದಿಲ್ಲ. ಷೇರುಪೇಟೆಯ ಮಳೆಗಾಲಕ್ಕೆ ಕ್ಯಾಲೆಂಡರ್ ಇಲ್ಲ ಎಂಬುದೊಂದೇ ವ್ಯತ್ಯಾಸ. 61 ದಿನವೂ ಇರಬಹುದು, ಆರು ವರ್ಷವೂ ಇರಬಹುದು.

ನಿಮ್ಮ ಭಾವನ ಮಾತಿಗೆ ಬರುತ್ತೇನೆ. ಜುಗಾರಿ ಎಂದದ್ದು ಪೂರ್ತಿ ಸರಿಯಲ್ಲ. ಜುಗಾರಿಯಲ್ಲಿ ಒಬ್ಬರು ಸೋತದ್ದೇ ಇನ್ನೊಬ್ಬರ ಗೆಲುವು, ಅಲ್ಲಿ ಹೊಸತಾಗಿ ಏನೂ ಹುಟ್ಟುವುದಿಲ್ಲ. ಷೇರಿನ ಹಿಂದೆ ಕಂಪನಿ ಇದೆ, ಕೆಲಸ ಇದೆ, ಲಾಭವಿದೆ. ಆದರೆ ಎರಡು ವರ್ಷದಲ್ಲಿ ಬೇಕಾದ ಹಣವನ್ನು ಷೇರು ಫಂಡಿಗೆ ಹಾಕಿದರೆ ಅದು ಜುಗಾರಿಯೇ. ಅಷ್ಟರ ಮಟ್ಟಿಗೆ ನಾನು ಭಾವನ ಕಡೆ.

ಸೊಸೈಟಿಯ ವಿಷಯದಲ್ಲಿ ಮಾತ್ರ ಅಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಚೆನ್ನಾಗಿ ನಡೆಯುವ ಸೊಸೈಟಿಗಳು ಬೇಕಾದಷ್ಟಿವೆ. ಆದರೂ ಒಂದು ತಿಳಿದಿರಲಿ. ನಾನು ಮೇಲೆ ಹೇಳಿದ 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಉಂಟು. ಪತ್ತಿನ ಸಹಕಾರ ಸಂಘಕ್ಕೆ, ಅಂದರೆ ನಾವು ಸೊಸೈಟಿ ಎನ್ನುವುದಕ್ಕೆ, ಇಲ್ಲ. ಬಡ್ಡಿ ಜಾಸ್ತಿ ಕೊಡುವುದು ಆ ರಿಸ್ಕಿನ ಬೆಲೆ. ಅಲ್ಲಿ ಎನ್‌ಎವಿ ದಿನಾ ಕಾಣುವುದಿಲ್ಲ, ಆದ್ದರಿಂದ ಹೆದರಿಕೆಯೂ ಆಗುವುದಿಲ್ಲ.

ಎಫ್‌ಡಿಗೂ ಒಂದು ರಿಸ್ಕ್ ಉಂಟು, ಮೆಲ್ಲಗೆ ಕಚ್ಚುವಂಥದ್ದು. ಹತ್ತು ವರ್ಷದ ಹಿಂದೆ ಒಂದು ಕೆಂಪುಕಲ್ಲಿಗೆ ಎಷ್ಟಿತ್ತು, ಒಂದು ಲೋಡ್ ಮರಳಿಗೆ ಎಷ್ಟಿತ್ತು, ಈಗ ಎಷ್ಟು ಎಂದು ನಿಮ್ಮೂರಿನ ಯಾವ ಮೇಸ್ತ್ರಿಯನ್ನಾದರೂ ಕೇಳಿ. ಬಡ್ಡಿಯಲ್ಲಿ ತೆರಿಗೆ ಕಳೆದು ಉಳಿದದ್ದು ಈ ಏರಿಕೆಗೆ ಸರಿಯಾದರೆ ದೊಡ್ಡದು. ಹಾಗಾಗಿ ತುಂಬ ವರ್ಷ ಬೇಡದ ಹಣವನ್ನೂ ಪೂರ್ತಿ ಎಫ್‌ಡಿಯಲ್ಲಿ ಮಲಗಿಸಿ ಎಂದು ನಾನು ಹೇಳುವುದಿಲ್ಲ.

ನಿಮ್ಮ 12 ಲಕ್ಷವನ್ನು ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ನೀವು ಬರೆದದ್ದು ಇಷ್ಟೇ ಆದ್ದರಿಂದ ಇದು ಅಂದಾಜು. ಮನೆ ಸಾಲ, ಗಂಡನ ಉಳಿತಾಯ, ಆರೋಗ್ಯ ವಿಮೆ ಎಲ್ಲ ನೋಡಿದರೆ ಅಂಕಿ ಬದಲಾಗಬಹುದು. ಮಗನ ಮೊದಲ ಎರಡು ವರ್ಷದ ಖರ್ಚಿಗೆ 4 ಲಕ್ಷ, ಎಫ್‌ಡಿ. ಗಂಡ ಬಂದ ಮೇಲೆ ಇಲ್ಲಿ ಏನಾದರೂ ಕಟ್ಟಿಕೊಳ್ಳುವ ತನಕ ಮನೆ ನಡೆಯಬೇಕು, ಅದಕ್ಕೆ 4 ಲಕ್ಷ, ಇನ್ನೊಂದು ಬ್ಯಾಂಕಿನಲ್ಲಿ ಎಫ್‌ಡಿ. ಗಲ್ಫಿನಿಂದ ಬಂದವರಿಗೆ ಊರಲ್ಲಿ ಆದಾಯ ಸರಿಯಾಗಿ ಶುರುವಾಗಲು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಇದನ್ನು ನಾನು ತುಂಬ ಮನೆಗಳಲ್ಲಿ ನೋಡಿದ್ದೇನೆ. ಒಂದು ಲಕ್ಷ ಎಸ್‌ಬಿ ಖಾತೆಯಲ್ಲಿ, ಆಸ್ಪತ್ರೆ ಗೀಸ್ಪತ್ರೆ ಎಂದು. ಉಳಿಯುವುದು 3 ಲಕ್ಷ. ಇದು ಏಳೆಂಟು ವರ್ಷ ಕಣ್ಣಿಗೆ ಬೀಳದಿದ್ದರೂ ನಡೆಯುತ್ತದೆ ಎಂದು ನಿಮಗೆ ಅನ್ನಿಸಿದರೆ, ಅದು ಷೇರು ಫಂಡಿಗೆ.

ಆ ಫಂಡ್ ಕೂಡ ಸ್ಮಾಲ್ ಕ್ಯಾಪ್ ಬೇಡ. ದೇಶದ 50 ದೊಡ್ಡ ಕಂಪನಿಗಳನ್ನು ಹಾಗೆಯೇ ಹಿಂಬಾಲಿಸುವ ನಿಫ್ಟಿ ಇಂಡೆಕ್ಸ್ ಫಂಡ್ ಸಾಕು. ಖರ್ಚು ಕಡಿಮೆ. ಮ್ಯಾನೇಜರ್ ಬದಲಾದ, ಅವನ ಅಂದಾಜು ತಪ್ಪಿತು ಎಂಬ ತಲೆನೋವಿಲ್ಲ. ಮಾರ್ಕೆಟ್ ಬಿದ್ದರೆ ಅದೂ ಅಷ್ಟೇ ಬೀಳುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. ಒಟ್ಟಿಗೆ ಹಾಕದೆ ತಿಂಗಳಿಗೆ 20 ಸಾವಿರದ ಹಾಗೆ 15 ತಿಂಗಳಲ್ಲಿ ಹಾಕಿ. ಹಾಕುವ ಮೊದಲು ಮನಸ್ಸಿನಲ್ಲೇ ಅರ್ಧ ಮಾಡಿ ನೋಡಿ. 3 ಲಕ್ಷದಲ್ಲಿ ಒಂದೂವರೆ ಲಕ್ಷ ಕಾಗದದ ಮೇಲೆ ಹೋದರೂ ಮಗನ ಫೀಸು ನಿಲ್ಲುವುದಿಲ್ಲ. 10 ಲಕ್ಷದಲ್ಲಿ 5 ಲಕ್ಷ ಹೋದರೆ ನಿಲ್ಲುತ್ತದೆ.

ಒಂದರ ಬದಲು ಐದು ಫಂಡ್ ತೆಗೆದುಕೊಂಡರೆ ರಿಸ್ಕ್ ಹಂಚಿಹೋಗುತ್ತದೆ ಎಂದೂ ಯಾರಾದರೂ ಹೇಳಬಹುದು. ಐದರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ, ಅದೇ ನಾಲ್ಕು ಬ್ಯಾಂಕು, ಅದೇ ಎರಡು ಸಾಫ್ಟ್‌ವೇರ್ ಕಂಪನಿ.

ತೆರಿಗೆಯದ್ದು ಬೇಗ ಹೇಳಿಬಿಡುತ್ತೇನೆ. 2024ರ ಜುಲೈ 23ರಿಂದ ಇರುವ ನಿಯಮ ಇದು. ಷೇರು ಫಂಡನ್ನು ಒಂದು ವರ್ಷ ಕಳೆದ ಮೇಲೆ ಮಾರಿದರೆ, ವರ್ಷದ ಲಾಭದಲ್ಲಿ ಒಂದೂ ಕಾಲು ಲಕ್ಷ ದಾಟಿದ್ದಕ್ಕೆ 12.5 ಪರ್ಸೆಂಟ್. ವರ್ಷದೊಳಗೆ ಮಾರಿದರೆ 20 ಪರ್ಸೆಂಟ್. ಹಣ ಗಂಡ ಕಳಿಸಿದ್ದಾದರೆ ಅದರ ಲಾಭ ತೆರಿಗೆಯ ಲೆಕ್ಕದಲ್ಲಿ ಅವರ ಹೆಸರಿಗೆ ಸೇರುತ್ತದೆ, ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಮಾತಾಡಿ. ಅವರ ಹೆಸರಿನಲ್ಲೇ ಹಾಕುವುದಾದರೆ ಎನ್‌ಆರ್‌ಐ ಎಂದೇ ಕೆವೈಸಿ ಆಗಬೇಕು, ಹಣ ಎನ್‌ಆರ್‌ಐಗಳಿಗೆಂದೇ ಇರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದಲೇ ಹೋಗಬೇಕು. ಹಳೆಯ ಊರಿನ ಖಾತೆಯಿಂದ ಹಾಕಿ ಸಿಕ್ಕಿಬಿದ್ದವರಿದ್ದಾರೆ.

ವಾಟ್ಸಾಪಿನಲ್ಲಿ "ದಿನಕ್ಕೆ ಎರಡು ಪರ್ಸೆಂಟ್ ಗ್ಯಾರಂಟಿ" ಎಂದು ಗುಂಪಿಗೆ ಸೇರಿಸುವವರು ಬಂದರೆ ಅದು ಫಂಡೂ ಅಲ್ಲ, ಷೇರೂ ಅಲ್ಲ, ಕಳ್ಳತನ. ನಿಜವಾದ ಷೇರು ಫಂಡ್ ಯಾವುದೂ ರಿಟರ್ನಿಗೆ ಗ್ಯಾರಂಟಿ ಕೊಡುವುದಿಲ್ಲ.

ಬ್ಯಾಂಕಿಗೆ ಮತ್ತೆ ಹೋದಾಗ ಜಗಳ ಬೇಡ, ಅವರಿಗೂ ಟಾರ್ಗೆಟ್ ಇರುತ್ತದೆ. ಫಾರಂ ಜೊತೆ ಕೊಟ್ಟ ಕಾಗದದಲ್ಲಿ ರಿಸ್ಕೋಮೀಟರ್ ಎಂಬ ಗಡಿಯಾರದಂಥ ಚಿತ್ರ ಇರುತ್ತದೆ, ಆರು ಮನೆಯದ್ದು. ಮುಳ್ಳು ಎಲ್ಲಿದೆ ಎಂದು ಅವರಿಂದಲೇ ಹೇಳಿಸಿ. ಸ್ಮಾಲ್ ಕ್ಯಾಪಿನದ್ದು ಕೊನೆಯ, ಅಂದರೆ ಅತಿ ಹೆಚ್ಚು ರಿಸ್ಕಿನ, ಮನೆಯಲ್ಲಿ ಇರುತ್ತದೆ, ನಾನು ಹೇಳಿದ ಇಂಡೆಕ್ಸ್ ಫಂಡಿನದ್ದೂ ಅಲ್ಲೇ ಇರುತ್ತದೆ. ಆಮೇಲೆ ಎಫ್‌ಡಿಯ ಕೌಂಟರಿಗೆ ಹೋಗಿ. 12 ಲಕ್ಷವನ್ನು ಒಂದೇ ರಸೀದಿಯಲ್ಲಿ ರಿನೀವಲ್ ಮಾಡಬೇಡಿ, ತುಂಡು ಮಾಡಿಸಿ. ಮಗನ ಪಾಲಿನ ಎಫ್‌ಡಿ ಸಿಇಟಿ ಕೌನ್ಸೆಲಿಂಗಿನ ತಿಂಗಳಿಗೆ ಸರಿಯಾಗಿ ಮುಗಿಯುವ ಹಾಗೆ ದಿನ ಲೆಕ್ಕ ಹಾಕಿಸಿ. ಎಲ್ಲದಕ್ಕೂ ನಾಮಿನಿ ಬರೆಸಿ. ಆಟೋ ರಿನೀವಲ್ ಎಂದು ಒಂದು ಟಿಕ್ ಮೊದಲೇ ಹಾಕಿರುತ್ತಾರೆ, ಅದನ್ನು ತೆಗೆಸಲು ಮರೆಯಬೇಡಿ.